ರಾತ್ರಿ ಒಂಬತ್ತೂವರೆಯ ಹಸಿವು

ಚನ್ನರಾಯಪಟ್ಟಣ

ಚಿ. ಪುಟ್ಟನಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ದೊಡ್ಡಪ್ಪನ ಮಂಡಿನೋವು ಹಾಗೇ ಇದೆ, ಜಾಸ್ತಿಯೂ ಆಗಿಲ್ಲ, ಕಡಿಮೆಯೂ ಆಗಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಶುರು ಮಾಡಿದರೆ ನೀನು ‘ಸರಿ ದೊಡ್ಡಮ್ಮ, ಸರಿ ದೊಡ್ಡಮ್ಮ’ ಅಂತ ಮುಗಿಸಿಬಿಡುತ್ತೀಯ. ಕಾಗದಕ್ಕೆ ಹಾಗೆ ಹೇಳೋಕಾಗಲ್ಲ ಅಲ್ವಾ?

ತಿಂಗಳ ಕೊನೆಗೆ ಅಮ್ಮನ ಹತ್ತಿರ ಎರಡು ಸಾವಿರ ಕೇಳಿದೆಯಂತೆ. ಅವಳಾಗಿ ಹೇಳಲಿಲ್ಲ, ನಾನೇ ಕೆದಕಿ ಕೇಳಿದ್ದು. ಅವಳ ಮೇಲೆ ಸಿಟ್ಟಾಗಬೇಡ.

ಗೌರಿ ಹಬ್ಬಕ್ಕೆ ಬೆಂಗಳೂರಿಂದ ಬಂದಾಗ ನಿನ್ನ ಫೋನಿನಲ್ಲಿದ್ದ ಊಟದ ಆರ್ಡರ್‌ಗಳನ್ನು ತೋರಿಸಿದೆಯಲ್ಲ, ಅದನ್ನು ನಾನು ಕ್ಯಾಲೆಂಡರ್ ಹಿಂದೆ ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದೆ. ಒಂದೇ ತಿಂಗಳಲ್ಲಿ 41 ಸಲ. ಒಟ್ಟು 9,640 ರೂಪಾಯಿ. ನಿನ್ನ ಸಂಬಳ 24 ಸಾವಿರ. ಮೊತ್ತ ನೋಡಿ ನನಗೆ ಅಂಥ ಆಶ್ಚರ್ಯ ಆಗಲಿಲ್ಲ. ಟೈಮ್ ನೋಡಿದಾಗ ಆಯಿತು. 41ರಲ್ಲಿ 29 ಆರ್ಡರ್ ರಾತ್ರಿ ಒಂಬತ್ತು ಗಂಟೆಯ ಮೇಲಿನವು.

ಒಂದು ಬಿಲ್ಲನ್ನು ಬಿಡಿಸಿ ನೋಡಿದೆ. ಫ್ರೈಡ್ ರೈಸ್ 189. ಪ್ಯಾಕಿಂಗ್ 15, ತಂದುಕೊಟ್ಟಿದ್ದಕ್ಕೆ 30, ಪ್ಲಾಟ್‌ಫಾರಂ ಫೀಸು 12, ತೆರಿಗೆ 10. ಎಲ್ಲ ಸೇರಿ 256. ಪ್ಲಾಟ್‌ಫಾರಂಗೆ ದುಡ್ಡು ಕೊಡೋದು ರೈಲ್ವೆ ಸ್ಟೇಷನ್ನಿನಲ್ಲಿ ಮಾತ್ರ ಅಂದುಕೊಂಡಿದ್ದೆ ನಾನು. ಅಲ್ಲಿ ಹತ್ತು ರೂಪಾಯಿ ಟಿಕೆಟ್‌ಗೆ ಎರಡು ಗಂಟೆ ಕೂತು ರೈಲಾದರೂ ನೋಡಬಹುದು.

ನಿನ್ನನ್ನು ಬೈಯೋಕೆ ನನಗೆ ಬಾಯಿ ಬರಲ್ಲ. ನಾನೇನು ಕಡಿಮೆ ಮಾಡಿದ್ದೆ? 1984ರಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದೆ. ಮಲ್ಲೇಶ್ವರದ ಒಂದು ವಠಾರದಲ್ಲಿ ಮೂವರು ಹುಡುಗಿಯರು ಒಂದೇ ರೂಮು. ಒಂದು ಪಂಪ್ ಸ್ಟೋವು, ಅದರ ಬಾಯಿ ಕಟ್ಟಿಕೊಂಡರೆ ಚುಚ್ಚೋಕೆ ಒಂದು ಪಿನ್ನು. ರೇಷನ್ ಕಾರ್ಡಿಲ್ಲದೆ ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಸಿಕ್ಕರೆ ಎರಡರಷ್ಟು ದುಡ್ಡು. ಮೊದಲ ಸಂಬಳ ಬಂದ ಭಾನುವಾರ ಮಾರ್ಕೆಟ್‌ಗೆ ಹೋಗಿ, ಮದುವೆ ಮನೆಗೆ ತರುವ ಹಾಗೆ ತರಕಾರಿ ತಂದೆ. ಮೂವರದೂ ಬೇರೆ ಬೇರೆ ಶಿಫ್ಟ್. ಗುರುವಾರದ ಹೊತ್ತಿಗೆ ಬದನೆಕಾಯಿ ಕೊಳೆತು ರೂಮೆಲ್ಲ ವಾಸನೆ. ಆಮೇಲೆ ನಾಲ್ಕು ತಿಂಗಳು ರಾತ್ರಿ ಬನ್ನು, ಕಾಫಿ. ಊರಿಗೆ ಬಂದಾಗ ನಮ್ಮಮ್ಮ ನನ್ನ ಕೈ ಹಿಡಿದು ನೋಡಿ ಏನೂ ಹೇಳದೆ ಒಳಗೆ ಹೋಗಿ ಮುದ್ದೆಗೆ ಎಸರಿಟ್ಟರು.

ಅದಕ್ಕೇ ಹೇಳ್ತೀನಿ, ‘ನಾಳೆಯಿಂದ ಮೂರು ಹೊತ್ತೂ ಮನೇಲೇ ಅಡುಗೆ’ ಅಂತ ಮಾತ್ರ ಹೊರಡಬೇಡ. ಹತ್ತು ದಿನಕ್ಕೆ ಸುಸ್ತಾಗಿ ಮತ್ತೆ ಫೋನ್ ಹಿಡಿಯುತ್ತೀಯ. ಬೆಳಿಗ್ಗೆ ದರ್ಶಿನಿಯಲ್ಲಿ ನಿಂತುಕೊಂಡು ಇಡ್ಲಿ ತಿನ್ನು, ತಪ್ಪೇನಿಲ್ಲ. ಆ ದರ್ಶಿನಿ ಪದ್ಧತಿ ಜಯನಗರದಲ್ಲಿ 1983ರಲ್ಲಿ ಶುರುವಾಗಿದ್ದು. ಕೂರೋಕೆ ಕುರ್ಚಿ ಇಲ್ಲ, ತಂದುಕೊಡುವವರಿಲ್ಲ, ತಿಂದವರು ಹೊರಡುತ್ತಿರಬೇಕು. ಅದಕ್ಕೇ ಕಡಿಮೆ ರೇಟಿಗೆ ಬಿಸಿಬಿಸಿ ತಿಂಡಿ ಕೊಡೋಕಾಗುತ್ತದೆ. ನಿನ್ನ ಫೋನಿನಲ್ಲಿ ಅದು ತಿರುಗುಮುರುಗು. ಅದೇ ಅನ್ನ, ಆದರೆ ಮಧ್ಯೆ ಬಂದ ಒಬ್ಬೊಬ್ಬರಿಗೂ ನೀನೇ ಕೊಡಬೇಕು. ಕೈಯಲ್ಲಿ ತೀರಾ ಕಾಸಿಲ್ಲದ ದಿನ ಇಂದಿರಾ ಕ್ಯಾಂಟೀನ್ ಇದೆ. 2017ರಲ್ಲಿ ಶುರುವಾದಾಗ ತಿಂಡಿಗೆ 5, ಊಟಕ್ಕೆ 10 ರೂಪಾಯಿ ಇಟ್ಟರು. ಅಲ್ಲಿ ಸಾಲಿನಲ್ಲಿ ನಿಲ್ಲೋಕೆ ನಾಚಿಕೆ ಯಾಕೆ? ಅಮ್ಮನ ಹತ್ತಿರ ಕೇಳುವಾಗ ಆಗಲಿಲ್ಲವಲ್ಲ.

ನಿನ್ನ ಜೇಬಿಗೆ ತೂತು ಬಿದ್ದಿರೋದು ರಾತ್ರಿ. ಒಂಬತ್ತಕ್ಕೆ ಬಸ್ಸಿಳಿದು ರೂಮಿಗೆ ಬರುತ್ತೀಯ. ಹೊಟ್ಟೆ ಹಸಿದಿರುತ್ತದೆ, ತಲೆ ಓಡಲ್ಲ. ಅಂಥ ಹೊತ್ತಲ್ಲಿ ಯಾರೂ ಲೆಕ್ಕ ಹಾಕೋದಿಲ್ಲ ಮಗಾ, ನಾನೂ ಹಾಕುತ್ತಿರಲಿಲ್ಲ. ‘ಇನ್ನು 99 ರೂಪಾಯಿ ತಗೊಂಡರೆ ಡೆಲಿವರಿ ಫ್ರೀ’ ಅಂತ ತೋರಿಸಿದರೆ, ಬೇಡದ ಜ್ಯೂಸೂ ಬೇಕು ಅನಿಸುತ್ತದೆ. ಹಾಗಾಗಿ ರಾತ್ರಿ ಏನು ತಿನ್ನೋದು ಅನ್ನೋದನ್ನ ಬೆಳಿಗ್ಗೆ, ಹೊಟ್ಟೆ ತುಂಬಿರುವಾಗ ಯೋಚಿಸು. ಈ ಕಾಗದದಲ್ಲಿ ನಾನು ಹೇಳಬೇಕಾಗಿದ್ದು ಇಷ್ಟೇ, ಉಳಿದದ್ದೆಲ್ಲ ಅದಕ್ಕೆ ಬೇಕಾದ ಸಾಮಾನು.

ಮೊದಲು ಒಲೆ. ಇಂಡಕ್ಷನ್ ತಗೋ. ಅರ್ಧ ಗಂಟೆ ಜೋರಾಗಿ ಉರಿಸಿದರೂ ಹೆಚ್ಚುಕಡಿಮೆ ಒಂದು ಯೂನಿಟ್, ಅಷ್ಟೆ. ನಿಮ್ಮ ಮನೆಗೆ ಗೃಹಜ್ಯೋತಿ ಇದ್ದರೆ ಮಿತಿಯೊಳಗೇ ಬರುತ್ತದಾ ಅಂತ ಬಿಲ್ ನೋಡಿಕೋ. ಕುಕ್ಕರ್ ಕೊಳ್ಳುವಾಗ ಮಾತ್ರ ಹುಷಾರು, ಬರೀ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಬಿಸಿಯಾಗಲ್ಲ. ತಳಕ್ಕೆ ಅಯಸ್ಕಾಂತ ಅಂಟುತ್ತದಾ ಅಂತ ಅಂಗಡಿಯಲ್ಲೇ ನೋಡು. ಪುಟ್ಟ ಒಗ್ಗರಣೆ ಸೌಟೂ ಅದಕ್ಕೆ ಕಾಣಲ್ಲ, ಒಂದು ಸಣ್ಣ ಬಾಣಲೆ ಬೇಕು. ಗ್ಯಾಸೇ ಬೇಕು ಅಂದರೆ 5 ಕೆಜಿ ಸಣ್ಣ ಸಿಲಿಂಡರ್ ಸಿಗುತ್ತದೆ. ಅದಕ್ಕೆ ವಿಳಾಸದ ದಾಖಲೆ ಕೇಳಲ್ಲ, ಗುರುತಿನ ಚೀಟಿ ಸಾಕು. ಒಲೆ, ಕುಕ್ಕರ್, ಡಬ್ಬ ಎಲ್ಲ ಸೇರಿ ಮೊದಲ ತಿಂಗಳು ಉಳಿತಾಯ ಆಗೋದೇ ಇಲ್ಲ, ಇನ್ನೂ ಜಾಸ್ತಿ ಖರ್ಚಾಗುತ್ತದೆ. ಇದನ್ನ ಮೊದಲೇ ಹೇಳಿಬಿಟ್ಟಿದ್ದೀನಿ, ಆಮೇಲೆ ನನ್ನ ಬೈಕೋಬೇಡ.

ಈಗ ಅನ್ನ ಸಾರು. ರೂಮಿಗೆ ಬಂದ ತಕ್ಷಣ, ಬಟ್ಟೆ ಬದಲಾಯಿಸುವ ಮುಂಚೆ, ಒಂದು ಹಿಡಿ ಬೇಳೆ ತೊಳೆದು ನೆನೆಹಾಕು. ನೀನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನೆನೆದಿರುತ್ತದೆ. ಕುಕ್ಕರ್ ತಳದಲ್ಲಿ ಬೇಳೆ, ಈರುಳ್ಳಿ, ಟೊಮೆಟೊ, ಚಿಟಿಕೆ ಅರಿಶಿನ, ಎರಡು ಲೋಟ ನೀರು. ಅದರ ಮೇಲೆ ಸಣ್ಣ ಪಾತ್ರೆಯಲ್ಲಿ ಅಕ್ಕಿ, ನೀರು. ನಾಲ್ಕು ವಿಷಲ್ ಕೂಗಿಸಿ ಆರಿಸು. ಆವಿ ತಾನಾಗಿ ಇಳಿಯಲಿ, ಚಮಚದಲ್ಲಿ ವಿಷಲ್ ಎತ್ತಬೇಡ. ಬೇಳೆ ಮಸೆದು ಸಾರಿನಪುಡಿ, ಉಪ್ಪು, ಚೂರು ಹುಣಸೆಹುಳಿ ಹಾಕಿ ಒಂದು ಕುದಿ ಬರಿಸು. ಸಾಸಿವೆ, ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ ಕೊಟ್ಟರೆ ಆಯಿತು. ತೊಗರಿಬೇಳೆಗೂ ತಾಳ್ಮೆ ಇಲ್ಲದ ದಿನ ಹೆಸರುಬೇಳೆ ಹಾಕು, ನೆನೆಸೋದೂ ಬೇಡ. ಜೊತೆಗೊಂದು ಬೇಯಿಸಿದ ಮೊಟ್ಟೆ, ಮೊಸರು. ನಮ್ಮೂರಿನ ರೇಟಿನಲ್ಲಿ ಲೆಕ್ಕ ಹಾಕಿದೆ: ಅಕ್ಕಿ 7, ಬೇಳೆ 5, ಈರುಳ್ಳಿ ಟೊಮೆಟೊ 6, ಮೊಟ್ಟೆ 7, ಮೊಸರು 10, ಎಣ್ಣೆ ಪುಡಿ ಎಲ್ಲ ಸೇರಿ 5. ನಲವತ್ತು ರೂಪಾಯಿ. ಬೆಂಗಳೂರು ಅಂತ ಇನ್ನೈದು ಸೇರಿಸು. ವಾರದಲ್ಲಿ ಐದು ರಾತ್ರಿ ಹೀಗೆ ತಿಂದರೆ ತಿಂಗಳಿಗೆ ಇಪ್ಪತ್ತೆರಡು ರಾತ್ರಿ. ನಿನ್ನ ಒಂದು ಆರ್ಡರ್ ಸರಾಸರಿ 235, ಅದರಲ್ಲಿ ಈ 45 ಕಳೆದು ರಾತ್ರಿಗೆ 190 ಉಳಿದರೂ 4,180 ಆಯಿತು. ಶನಿವಾರ, ಭಾನುವಾರ ನಿನ್ನಿಷ್ಟ, ನಾನು ಕೇಳೋದಿಲ್ಲ.

ತರಕಾರಿ ಮೂರು ದಿನಕ್ಕಾಗುವಷ್ಟು ಮಾತ್ರ ತಾ. ನನ್ನ ಬದನೆಕಾಯಿ ನೆನಪಿರಲಿ. ಒಬ್ಬನ ಅಡುಗೆಯಲ್ಲಿ ದುಡ್ಡು ಹಾಳಾಗೋದು ತಿಂದಿದ್ದರಿಂದಲ್ಲ, ಕೊಳೆತಿದ್ದರಿಂದ. ಹಾಪ್‌ಕಾಮ್ಸ್ ಅಂಗಡಿ ಹತ್ತಿರ ಇದ್ದರೆ ಅಲ್ಲಿ ಒಂದೊಂದಾಗಿ ಆರಿಸಿ ತೂಗಿಸಿಕೊಳ್ಳಬಹುದು.

ರಜಾದ ದಿನ ಮೈಗೆ ಹುಮ್ಮಸ್ಸಿದ್ದರೆ ಬಸ್ಸಾರು ಮಾಡು. ನಮ್ಮ ಕಡೆಯವರ ಬುದ್ಧಿವಂತಿಕೆಯೆಲ್ಲ ಆ ಒಂದು ಪಾತ್ರೆಯಲ್ಲಿದೆ. ಕಾಳು, ಸೊಪ್ಪು ಒಟ್ಟಿಗೆ ಬೇಯಿಸಿ ನೀರು ಬಸಿಯೋದು. ಬಸಿದ ನೀರಿಗೆ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಒಣಮೆಣಸಿನಕಾಯಿ, ಕಾಯಿತುರಿ ಹುರಿದು ರುಬ್ಬಿ ಹಾಕಿದರೆ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಸಲ ಬೇಯಿಸಿದ್ದಕ್ಕೆ ಎರಡು ಅಡುಗೆ. ಸಾರು ಮಾರನೇ ದಿನ ಇನ್ನೂ ರುಚಿ. ಮುದ್ದೆ ತಿರುವೋದು ಈಗಲೇ ಬೇಡ, ಕೈ ಸುಟ್ಟುಕೊಳ್ಳುತ್ತೀಯ. ಅನ್ನಕ್ಕೇ ಕಲಸಿಕೊಂಡು ತಿನ್ನು.

ಅನ್ನದ ವಿಷಯದಲ್ಲಿ ಒಂದು ಮಾತು. ಉಳಿದಿದ್ದನ್ನ ರಾತ್ರಿಯೆಲ್ಲ ಕುಕ್ಕರ್‌ನಲ್ಲೇ ಬಿಡಬೇಡ, ಆರಿದ ಕೂಡಲೇ ಫ್ರಿಜ್‌ಗೆ ಹಾಕು. ಹೊರಗಿಟ್ಟ ಅನ್ನದಲ್ಲಿ ಬೆಳೆಯುವ ಕ್ರಿಮಿ ಬಿಡುವ ವಿಷ, ಮತ್ತೆ ಬಿಸಿ ಮಾಡಿದರೂ ಹೋಗೋದಿಲ್ಲ. ನಾವು ತಂಗಳು ತಿಂದೇ ಬೆಳೆದೆವು, ನಿಜ. ಹೊಟ್ಟೆ ಕೆಟ್ಟು ಮಲಗಿದ್ದೂ ನಿಜ, ಅದನ್ನ ಯಾರೂ ಹೇಳಿಕೊಳ್ಳಲ್ಲ ಅಷ್ಟೆ.

ಹೊರಗಿನದೆಲ್ಲ ವಿಷ ಅಂತ ನಾನು ಹೇಳೋಳಲ್ಲ. ಗೋಬಿ ಮಂಚೂರಿ ಅಂದರೆ ನನಗೂ ಬಾಯಲ್ಲಿ ನೀರು ಬರುತ್ತದೆ, ನಿಂಗೇ ಗೊತ್ತು. 2024ರ ಮಾರ್ಚ್‌ನಲ್ಲಿ ಸರ್ಕಾರ ಅದಕ್ಕೆ ಕೃತಕ ಬಣ್ಣ ಹಾಕೋದನ್ನ ನಿಷೇಧಿಸಿತು, ಜೂನ್‌ನಲ್ಲಿ ಕಬಾಬಿಗೂ. ಕೆಂಪಗೆ ಹೊಳೆಯುತ್ತಿದ್ದರೆ ಆ ಗಾಡಿ ಬಿಟ್ಟು ಮುಂದಿನ ಗಾಡಿಗೆ ಹೋಗು. ಆದರೆ ವಾರಕ್ಕೊಮ್ಮೆ ತಿನ್ನೋದು ದಿನಾ ರಾತ್ರಿಯ ಊಟ ಆಗಿಬಿಟ್ಟರೆ ಅದರಲ್ಲಿ ಆಸೆಯೂ ಉಳಿಯಲ್ಲ.

ಅಕ್ಕಿ ತೊಳೆಯೋಕೂ ಬರಲ್ಲ ಅಂತ ಹಬ್ಬದ ದಿನ ನಿನ್ನ ಅಕ್ಕ ನಕ್ಕಳು. ತಪ್ಪು ನಿನ್ನದಲ್ಲ. ಅವಳಿಗೆ ಹತ್ತು ವರ್ಷಕ್ಕೇ ಸೌಟು ಕೊಟ್ಟೆವು, ನಿನಗೆ ತಟ್ಟೆ ಕೊಟ್ಟೆವು. ನಾವೇ ಮಾಡಿದ್ದು ಅದು. ಮೊದಲ ವಾರ ಸಾರು ನೀರಾಗುತ್ತದೆ, ಅನ್ನ ಮುದ್ದೆಯಾಗುತ್ತದೆ. ಫೋಟೊ ಕಳಿಸು, ನಗೋದಿಲ್ಲ. ಅಕ್ಕನಿಗೂ ತೋರಿಸಲ್ಲ.

ಏನೂ ಮಾಡೋಕಾಗದ ರಾತ್ರಿಗಳೂ ಇರುತ್ತವೆ. ಅದಕ್ಕೆ ಅವಲಕ್ಕಿ ಇಟ್ಟುಕೋ. ತೊಳೆದು ಮೊಸರು, ಉಪ್ಪು ಹಾಕಿ ಐದು ನಿಮಿಷ ಬಿಟ್ಟರೆ ಊಟ. ಆರ್ಡರ್ ಮಾಡೋಕೂ ಅಷ್ಟೇ ಹೊತ್ತು ಬೇಕಲ್ವಾ?

ಪಕ್ಕದ ಮನೆಯವರ ಮಗ ಸೋಮವಾರ ಬೆಂಗಳೂರಿಗೆ ಬರುತ್ತಿದ್ದಾನೆ. ಅವನ ಕೈಲಿ ಅರ್ಧ ಕೆಜಿ ಸಾರಿನಪುಡಿ, ಎರಡು ತೆಂಗಿನಕಾಯಿ, ಹುಣಸೆಹಣ್ಣು, ಒಂದು ಸೇರು ಅವಲಕ್ಕಿ ಕಳಿಸುತ್ತಿದ್ದೀನಿ. ಪುಡಿ ಇರುವ ಸ್ಟೀಲ್ ಡಬ್ಬ ನನ್ನ ಮದುವೆಯದು. ಪುಡಿ ಖಾಲಿಯಾದ ಮೇಲೆ ತೊಳೆದು, ಒರೆಸಿ, ಮುಚ್ಚಳದ ಸಮೇತ ದೀಪಾವಳಿಗೆ ವಾಪಸ್ ತಾ. ಖಾಲಿಯಾಗದೆ ಹಾಗೇ ತಂದೆಯೋ, ಆಗ ಮಾತಾಡ್ತೀನಿ.

ಇಂತಿ ನಿನ್ನ
ದೊಡ್ಡಮ್ಮ