ಫೋಲ್ಡರ್ ಹೆಸರಿಗೂ ಬೀಗ ಬೇಕು

ಮಾನ್ಯ ಸಂಪಾದಕರೆ,

ಶಿರಸಿಯಲ್ಲಿ ನನ್ನಂಥ ಪತ್ರ ಬರಹಗಾರರ ಕಂಪ್ಯೂಟರಿನಲ್ಲಿ ಎಷ್ಟೋ ಮನೆಗಳ ಒಳಸಂಗತಿ ಇರುತ್ತದೆ: ಅಡಿಕೆ ತೋಟದ ವಾಟಣಿ ಪತ್ರ, ಮೃತ್ಯುಪತ್ರ, ಆಧಾರ್ ಪ್ರತಿ. ಅದನ್ನೆಲ್ಲ ಗೂಗಲ್ ಡ್ರೈವ್‌ಗೆ ಹಾಗೇ ಏರಿಸುವುದು ತಪ್ಪು. ಕಡತಕ್ಕಷ್ಟೇ ಪಾಸ್‌ವರ್ಡ್ ಹಾಕಿದರೂ ಸಾಲದು. ‘ಅಣ್ಣತಮ್ಮಂದಿರ ಪಾಲಿನ ತಕರಾರು’ ಎಂಬ ಫೋಲ್ಡರ್ ಹೆಸರೇ ಗುಟ್ಟು ಹೇಳಿಬಿಡುತ್ತದೆ.

ಕ್ರಿಪ್ಟೊಮೇಟರ್ ಎಂಬ ಮುಕ್ತ ತಂತ್ರಾಂಶ ಕಡತ, ಹೆಸರು ಎರಡನ್ನೂ ನಮ್ಮ ಕಂಪ್ಯೂಟರಿನಲ್ಲೇ ಗೂಢಲಿಪಿಯಾಗಿಸುತ್ತದೆ. ಕ್ಲೌಡ್‌ಗೆ, ಅಂದರೆ ಡ್ರೈವ್‌ನಂಥ ಅಂತರಜಾಲ ಸಂಗ್ರಹಕ್ಕೆ, ಹೋಗುವುದು ಆ ಗೂಢಲಿಪಿಯೇ. ಕಡತಗಳ ಸಂಖ್ಯೆ, ಗಾತ್ರ, ದಿನಾಂಕ ಮಾತ್ರ ಅಡಗುವುದಿಲ್ಲ. ಪಾಸ್‌ವರ್ಡೂ, ಅದು ಮರೆತಾಗ ನೆರವಾಗುವ ರಿಕವರಿ ಕೀಯೂ ಕಳೆದರೆ ಯಾರೂ ತೆಗೆದುಕೊಡಲಾರರು; ಕೀಯನ್ನು ಕಾಗದದಲ್ಲಿ ಬರೆದು ತಿಜೋರಿಯಲ್ಲಿಡಿ.

ಜಿಲ್ಲೆಯ ಸಹಕಾರಿ ಸಂಘಗಳು ತಮ್ಮ ಸಿಬ್ಬಂದಿಗೆ ಇದನ್ನು ಕಲಿಸಬೇಕೆಂದು ಕೋರುತ್ತೇನೆ.

– ಒಬ್ಬ ಪತ್ರ ಬರಹಗಾರ, ಶಿರಸಿ