ಪ್ರೋಟಿಯೋಮಿಕ್ಸ್ ಸಮ್ಮೇಳನ ಮುಗಿದ ಮೇಲೆ ಉಳಿದ ಋಣಗಳು

ಪ್ರೋಟಿಯೋಮಿಕ್ಸ್ ಮತ್ತು ಅದರ ವೈದ್ಯಕೀಯ ಬಳಕೆಯನ್ನು ಕುರಿತು ಮುಂಬಯಿಯಲ್ಲಿ ನಾವು ನಡೆಸಿದ ಮೂರು ದಿನಗಳ ಸಮ್ಮೇಳನ ಕಳೆದ ಮಂಗಳವಾರ ಸಂಜೆ ಮುಗಿಯಿತು. ಸಮಾರೋಪದಲ್ಲಿ ವಂದನಾರ್ಪಣೆಗೆಂದು ನನಗೆ ಸಿಕ್ಕಿದ್ದು ನಾಲ್ಕು ನಿಮಿಷ. ಪ್ರಾಯೋಜಕರ, ಅತಿಥಿಗಳ, ಸಮಿತಿಯ ಸದಸ್ಯರ ಹೆಸರುಗಳನ್ನು ಓದಿ ಮುಗಿಸುವಷ್ಟರಲ್ಲಿ ಅರ್ಧ ಸಭೆ ರೈಲು, ವಿಮಾನ ಹಿಡಿಯಲು ಎದ್ದು ಹೋಗಿತ್ತು. ಆ ಹೆಸರುಗಳೆಲ್ಲ ಸ್ಮರಣ ಸಂಚಿಕೆಯಲ್ಲಿವೆ, ಬ್ಯಾನರಿನ ಮೇಲೂ ಇದ್ದವು. ಎರಡರಲ್ಲಿಯೂ ಇಲ್ಲದವರಿಗೆ ಸಲ್ಲಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರಲ್ಲಿ ಹೆಚ್ಚಿನವರು ಕನ್ನಡಿಗರು, ಮತ್ತು ಹೆಸರು ಹಾಕಬೇಡಿ ಎಂದು ಮೊದಲೇ ತಾಕೀತು ಮಾಡಿದವರು.

ವಿಷಯ ಹೊಸದೆನಿಸುವವರಿಗಾಗಿ ಎರಡು ಮಾತು. ಒಂದು ಜೀವಕೋಶದಲ್ಲಿ ಅಥವಾ ಅಂಗಾಂಶದಲ್ಲಿ ಇರುವ ಒಟ್ಟು ಪ್ರೋಟೀನುಗಳ ಸಮೂಹಕ್ಕೆ ಪ್ರೋಟಿಯೋಮ್ ಎಂಬ ಹೆಸರನ್ನು 1994ರಲ್ಲಿ ಮಾರ್ಕ್ ವಿಲ್ಕಿನ್ಸ್ ಎಂಬ ಆಸ್ಟ್ರೇಲಿಯಾದ ವಿಜ್ಞಾನಿ ಕೊಟ್ಟರು. ಆ ಸಮೂಹದ ಅಧ್ಯಯನವೇ ಪ್ರೋಟಿಯೋಮಿಕ್ಸ್. ಕಣ್ಣಿನ ಕೋಶದಲ್ಲಿಯೂ ಯಕೃತ್ತಿನ ಕೋಶದಲ್ಲಿಯೂ ಇರುವ ಜೀನುಗಳು ಅವೇ. ಯಾವ ಪ್ರೋಟೀನು ಎಲ್ಲಿ, ಎಷ್ಟು ತಯಾರಾಗುತ್ತದೆ ಎಂಬುದರಲ್ಲಿ ವ್ಯತ್ಯಾಸವಿದೆ, ಕಾಯಿಲೆಯ ಸುಳಿವೂ ಬಹುಮಟ್ಟಿಗೆ ಅಲ್ಲಿಯೇ ಇದೆ. ಪ್ರೋಟೀನನ್ನು ಟ್ರಿಪ್ಸಿನ್ ಎಂಬ ಕಿಣ್ವದಿಂದ ತುಂಡರಿಸಿ, ಆ ತುಂಡುಗಳನ್ನು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ತೂಗಿ, ತೂಕದಿಂದ ಅದು ಯಾವ ಪ್ರೋಟೀನು ಎಂದು ಹಿಂದಕ್ಕೆ ಲೆಕ್ಕ ಹಾಕುವುದು ನಮ್ಮ ಕಸುಬು. 2014ರಲ್ಲಿ ಮಾನವ ಪ್ರೋಟಿಯೋಮಿನ ಒಂದು ಕರಡು ನಕ್ಷೆ ಪ್ರಕಟವಾದಾಗ ಅದರ ಹಿಂದೆ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಇತ್ತು. 30 ಬಗೆಯ ಮಾದರಿಗಳಿಂದ 17,294 ಜೀನುಗಳ ಪ್ರೋಟೀನುಗಳನ್ನು ಆ ತಂಡ ಗುರುತಿಸಿತ್ತು. ಇಲ್ಲಿ ಮುಂಬಯಿಯಲ್ಲಿ ಕುಳಿತು ಆ ಸುದ್ದಿ ಓದಿದ ದಿನ, ಊರಿನ ಹುಡುಗ ರಣಜಿ ಪಂದ್ಯ ಗೆದ್ದಾಗ ಆಗುವಂಥ ಹೆಮ್ಮೆ ನನಗಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ನನ್ನ ಮೊದಲ ಕೃತಜ್ಞತೆ ಎರಡನೆಯ ದಿನ ಮಧ್ಯಾಹ್ನ ವೇದಿಕೆ ಏರಿದ ಮೂವರು ರಕ್ತ ಸಂಗ್ರಹದ ಟೆಕ್ನಿಷಿಯನ್ನರಿಗೆ. ಅವರನ್ನು ಏಕೆ ಕರೆದೆವು ಎಂದು ಹೇಳಬೇಕಾದರೆ ನನ್ನದೇ ಒಂದು ಸೋಲನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಕಾಯಿಲೆಯ ರೋಗಿಗಳ ರಕ್ತದಲ್ಲಿ ಆರೋಗ್ಯವಂತರಿಗಿಂತ ಸ್ಪಷ್ಟವಾಗಿ ಹೆಚ್ಚಿದ್ದ ಕೆಲವು ಪ್ರೋಟೀನುಗಳನ್ನು ನಾವು ಕಂಡುಹಿಡಿದೆವು ಎಂದುಕೊಂಡು ಸಂಭ್ರಮಪಟ್ಟೆವು. ಸುಮಾರು ಒಂದು ವರ್ಷದ ಕೆಲಸದ ನಂತರ ತಿಳಿದದ್ದೇನೆಂದರೆ, ರೋಗಿಗಳ ರಕ್ತ ವಾರ್ಡಿನಲ್ಲಿ ತೆಗೆದ ಮೇಲೆ ಮೂರು ನಾಲ್ಕು ಗಂಟೆ ಮೇಜಿನ ಮೇಲೆಯೇ ಇದ್ದು ಆಮೇಲೆ ನಮಗೆ ಬರುತ್ತಿತ್ತು, ಆರೋಗ್ಯವಂತರ ರಕ್ತವನ್ನಾದರೋ ನಮ್ಮ ಪ್ರಯೋಗಾಲಯದಲ್ಲಿಯೇ ತೆಗೆದು ಹೊತ್ತಿಗೆ ಸರಿಯಾಗಿ, ತಿರುಗಿಸಿ ರಕ್ತಕಣಗಳನ್ನು ಬೇರ್ಪಡಿಸುವ ಸೆಂಟ್ರಿಫ್ಯೂಜಿಗೆ ಹಾಕುತ್ತಿದ್ದೆವು. ಹೊತ್ತು ಮೀರಿದ ರಕ್ತದಲ್ಲಿ ಕೆಂಪು ಕಣಗಳು ಒಡೆಯುತ್ತವೆ, ಕಿರುಬಿಲ್ಲೆಗಳು (ಪ್ಲೇಟ್‌ಲೆಟ್‌ಗಳು) ತಮ್ಮೊಳಗಿನ ಪ್ರೋಟೀನುಗಳನ್ನು ಹೊರಚೆಲ್ಲುತ್ತವೆ. ನಾವು ಅಳೆದದ್ದು ಕಾಯಿಲೆಯನ್ನಲ್ಲ, ಕಾದ ಹೊತ್ತನ್ನು. ತಪ್ಪು ವಾರ್ಡಿನವರದ್ದಲ್ಲ, ಎಷ್ಟು ಹೊತ್ತಿನೊಳಗೆ ಬೇಕು ಎಂದು ನಾವು ಅವರಿಗೆ ಒಂದು ದಿನವೂ ಹೇಳಿರಲಿಲ್ಲ.

ಆ ಮೂವರಲ್ಲಿ ಹಿರಿಯರು ಕಲಬುರ್ಗಿ ಕಡೆಯ ಹೆಣ್ಣುಮಗಳು, ಇಪ್ಪತ್ತು ವರ್ಷಗಳಿಂದ ಈ ಕೆಲಸದಲ್ಲಿದ್ದಾರೆ. ಹಿಂದಿಯಲ್ಲಿ ಮಾತಾಡಿದ ಅವರು ಸ್ಲೈಡ್ ಏನನ್ನೂ ತಂದಿರಲಿಲ್ಲ. ಬೆಳಗಿನ ಸರದಿಯಲ್ಲಿ ಒಬ್ಬರೇ ಎಷ್ಟು ಹಾಸಿಗೆ ನೋಡಬೇಕಾಗುತ್ತದೆ, ಯಾವ ಬಣ್ಣದ ಮುಚ್ಚಳದ ಟ್ಯೂಬು ಮೊದಲು ಮುಗಿದುಹೋಗುತ್ತದೆ, ಮಾದರಿ ಒಯ್ಯುವ ಹುಡುಗ ಲಿಫ್ಟಿಗಾಗಿ ಎಷ್ಟು ಹೊತ್ತು ನಿಲ್ಲುತ್ತಾನೆ ಎಂಬುದನ್ನು ಅವರು ವಿವರಿಸುತ್ತಿದ್ದಾಗ ಸಭಾಂಗಣದಲ್ಲಿ ಎದ್ದ ಮೌನ, ಬೇರೆ ಯಾವ ಉಪನ್ಯಾಸಕ್ಕೂ ಒದಗಲಿಲ್ಲ. ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಲೀಟರಿಗೆ 40 ಗ್ರಾಂ ಸುಮಾರಿಗೆ ಇದ್ದರೆ, ಹೃದಯಾಘಾತವನ್ನು ಸೂಚಿಸುವ ಟ್ರೋಪೋನಿನನ್ನು ನ್ಯಾನೋಗ್ರಾಂಗಳಲ್ಲಿ, ಅಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲಿನ ಲೆಕ್ಕದಲ್ಲಿ, ಅಳೆಯಬೇಕು. ಕೋಟಿಗಟ್ಟಲೆ ಪಟ್ಟಿನ ಅಂತರ. ಇಷ್ಟು ಸೂಕ್ಷ್ಮವಾದದ್ದನ್ನು ಹುಡುಕುವ ನಮಗೆ ಲಿಫ್ಟಿನ ವಿಷಯ ಹೊಳೆದಿರಲಿಲ್ಲ. ಅವರಿಗೆ ರಜೆ ಕೊಟ್ಟು ಕಳುಹಿಸಿದ ಮೇಲ್ವಿಚಾರಕರಿಗೂ ನಾನು ಋಣಿ.

ವೈದ್ಯರಿಗೆ ಹೇಳಬೇಕಾದದ್ದು ಬೇರೆ ಬಗೆಯದು. ಅಂಗಾಂಗಗಳಲ್ಲಿ ಪ್ರೋಟೀನು ಜಮೆಯಾಗುವ ಅಮಿಲಾಯ್ಡೋಸಿಸ್ ಎಂಬ ಕಾಯಿಲೆಯನ್ನು ಕುರಿತು ಮಾತಾಡಿದ ರೋಗಶಾಸ್ತ್ರಜ್ಞರೊಬ್ಬರು, ಅಂಗಾಂಶದಲ್ಲಿ ಜಮೆಯಾದ ಪ್ರೋಟೀನು ಯಾವುದೆಂದು ಮಾಸ್ ಸ್ಪೆಕ್ಟ್ರೋಮೀಟರಿನಿಂದ ತಿಳಿದರೆ ಚಿಕಿತ್ಸೆಯೇ ಬದಲಾಗುತ್ತದೆ, ಒಂದು ಬಗೆಗೆ ಕೀಮೋಥೆರಪಿ ಬೇಕು, ಇನ್ನೊಂದು ಬಗೆಗೆ ಅದರಿಂದ ಕೇಡೇ ಹೆಚ್ಚು ಎಂದು ಬಿಡಿಸಿ ಹೇಳಿದರು. ಸೂಕ್ಷ್ಮಜೀವಿ ತಜ್ಞೆಯೊಬ್ಬರು ಮಾಲ್ಡಿ-ಟಾಫ್ ಎಂಬ ಬಗೆಯ ಮಾಸ್ ಸ್ಪೆಕ್ಟ್ರೋಮೀಟರಿನಿಂದ, ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾದ ಹೆಸರು ಕೆಲವೇ ನಿಮಿಷಗಳಲ್ಲಿ ಸಿಗುವುದನ್ನು ತೋರಿಸಿ, ಮರುಕ್ಷಣವೇ ತಟ್ಟೆಯಲ್ಲಿ ಅದು ಬೆಳೆಯಲು ಬೇಕಾದ ಹೊತ್ತನ್ನು ಯಾವ ಯಂತ್ರವೂ ಉಳಿಸುವುದಿಲ್ಲ ಎಂದು ನಮ್ಮ ಉತ್ಸಾಹಕ್ಕೆ ಲಗಾಮು ಹಾಕಿದರು. ಹೊಸ ಸೂಚಕ ಪ್ರೋಟೀನು ಎಂದು ಪ್ರಕಟವಾದವುಗಳಲ್ಲಿ ಆಸ್ಪತ್ರೆಯ ಪರೀಕ್ಷೆಯಾಗಿ ಉಳಿದವು ತೀರ ಕಡಿಮೆ ಎಂಬ ಮಾತನ್ನು ನಮ್ಮ ಮುಖಕ್ಕೆ ಹೇಳಿದ ಇಬ್ಬರಿಗೂ ವಿಶೇಷ ವಂದನೆಗಳು. ಅಂಥ ಮಾತು ಕೇಳಿಸಲೆಂದೇ ಅವರನ್ನು ಕರೆದಿದ್ದೆವು, ಆದರೂ ಕೇಳುವಾಗ ಕಷ್ಟವಾಯಿತು.

ಇನ್ನು ಸಂಕಟದ ದಿನಗಳ ವಿಚಾರ. ಸಮ್ಮೇಳನಕ್ಕೆ ಹನ್ನೆರಡು ದಿನ ಇರುವಾಗ, ಮುಂಗಡ ಹಣ ಪಡೆದಿದ್ದ ಸಭಾಂಗಣದವರು ತಮಗೆ ಬೇರೆ ಕಾರ್ಯಕ್ರಮವಿದೆ ಎಂದು ಕೈ ಎತ್ತಿದರು. ಡಿಸೆಂಬರಿನ ಮುಂಬಯಿಯಲ್ಲಿ, ಮದುವೆಯ ಮುಹೂರ್ತಗಳ ನಡುವೆ, 180 ಜನರಿಗೆ ಜಾಗ ಹುಡುಕುವುದೆಂದರೆ ಏನೆಂದು ಇಲ್ಲಿಯವರಿಗೆ ಗೊತ್ತು. ನಾನು ಮುಂದೂಡುವ ಪತ್ರವನ್ನೂ ಬರೆದಿಟ್ಟಿದ್ದೆ. ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿರುವ ನಿವೃತ್ತ ಮುಖ್ಯೋಪಾಧ್ಯಾಯರು ಆ ಪತ್ರವನ್ನು ಕಳುಹಿಸಲು ಬಿಡದೆ, ಮುಲುಂಡಿನ ಶಾಲೆಯೊಂದರ ಸಭಾಂಗಣವನ್ನು ಎರಡೇ ದಿನಗಳಲ್ಲಿ ಕೊಡಿಸಿದರು. ಬಾಡಿಗೆಯ ಮಾತು ಬಂದಾಗ ಅವರು, "ಮಕ್ಕಳಿಗೆ ಒಂದು ದಿನ ಬಂದು ಪಾಠ ಮಾಡಿ, ಅಷ್ಟೇ ಬಾಡಿಗೆ" ಎಂದರು. ಆ ಪಾಠ ಇನ್ನೂ ಬಾಕಿ ಇದೆ. ಬರುವ ತಿಂಗಳು ತೀರಿಸುತ್ತೇನೆ ಮೇಷ್ಟ್ರೇ.

ಮೊದಲ ದಿನದ ಕಾರ್ಯಾಗಾರವನ್ನು ಭಾನುವಾರಕ್ಕೆ ಇಟ್ಟು, ಹಳಿಗಳ ದುರಸ್ತಿಗೆಂದು ಭಾನುವಾರ ಲೋಕಲ್ ರೈಲುಗಳನ್ನು ಕಡಿಮೆ ಮಾಡುವ ಮೆಗಾ ಬ್ಲಾಕಿನ ನೆನಪೇ ಇಲ್ಲದೆ ಹೋದದ್ದು ಪೂರ್ತಿ ನನ್ನ ತಪ್ಪು. ಮೂವತ್ತು ವರ್ಷ ಸೆಂಟ್ರಲ್ ಲೈನಿನಲ್ಲಿ ಓಡಾಡಿದವನಿಗೆ ಇದಕ್ಕೆ ಕ್ಷಮೆಯಿಲ್ಲ. ಲೋಕಲ್ ರೈಲುಗಳು ತಡವಾಗಿ ಅರ್ಧದಷ್ಟು ಶಿಬಿರಾರ್ಥಿಗಳು ದಾದರಿನಲ್ಲಿಯೂ ಕುರ್ಲಾದಲ್ಲಿಯೂ ಸಿಕ್ಕಿಬಿದ್ದಾಗ, ನಮ್ಮ ವಿದ್ಯಾರ್ಥಿಗಳು ಫೋನಿನಲ್ಲಿಯೇ ಅವರನ್ನು ನಾಲ್ಕು ನಾಲ್ಕು ಜನರ ಗುಂಪು ಮಾಡಿ ಟ್ಯಾಕ್ಸಿ, ಬೆಸ್ಟ್ ಬಸ್ಸುಗಳಲ್ಲಿ ಕರೆಸಿಕೊಂಡರು, ಮತ್ತು ಬೆಳಗಿನ ಪಾಠವನ್ನು ಮಧ್ಯಾಹ್ನ ಇನ್ನೊಮ್ಮೆ ನಡೆಸಿದರು. ಈ ಮಕ್ಕಳಲ್ಲಿ ಇಬ್ಬರು ಆ ವಾರವೇ ತಮ್ಮ ಪ್ರಬಂಧ ಸಲ್ಲಿಸಬೇಕಿತ್ತು.

ಊಟದ ಹೊಣೆ ಹೊತ್ತವರು ಕುಂದಾಪುರದ ಕಡೆಯವರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದ ತಲೆಮಾರಿನವರು. ಜಾಗ ಬದಲಾದದ್ದರಿಂದ ಖರ್ಚು ಹೆಚ್ಚಾಗಿದೆ, ಒಂದು ಪಲ್ಯ ಕಡಿಮೆ ಮಾಡೋಣ ಎಂದು ನಾನು ಹೇಳಿದಾಗ, "ಪಲ್ಯದ ವಿಚಾರ ನನಗೆ ಬಿಡಿ ಸಾರ್, ನೀವು ನಿಮ್ಮ ಪ್ರೋಟೀನು ನೋಡಿಕೊಳ್ಳಿ" ಎಂದರು. ಜರ್ಮನಿಯಿಂದ ಬಂದಿದ್ದ ಅತಿಥಿಯೊಬ್ಬರು ಕಡಲೆ ಹಾಕಿದ ಪಲ್ಯವನ್ನು ಮೂರನೆಯ ಸಲ ಹಾಕಿಸಿಕೊಂಡದ್ದನ್ನು ಅವರಿಗೆ ಇಲ್ಲಿ ವರದಿ ಮಾಡುತ್ತಿದ್ದೇನೆ.

ಸೋಮವಾರ ಸಂಜೆ ಅದೇ ಸಭಾಂಗಣದಲ್ಲಿ ಸಾರ್ವಜನಿಕರಿಗಾಗಿ ಏರ್ಪಡಿಸಿದ್ದ ಕನ್ನಡ ಉಪನ್ಯಾಸಕ್ಕೆ ಡೊಂಬಿವಲಿ, ಠಾಣೆಯಿಂದಲೂ ಜನ ಬಂದರು. ಪ್ರಶ್ನೋತ್ತರದಲ್ಲಿ ಹಿರಿಯ ತಾಯಿಯೊಬ್ಬರು, ತಮ್ಮ ಯಜಮಾನರಿಗೆ ಎದೆನೋವು ಬಂದ ರಾತ್ರಿ ಟ್ರೋಪೋನಿನ್ ಪರೀಕ್ಷೆ ಸರಿಯಿದೆ ಎಂದಮೇಲೂ ಕೆಲವು ಗಂಟೆ ಬಿಟ್ಟು ಮತ್ತೆ ರಕ್ತ ತೆಗೆದದ್ದು ಹಣಕ್ಕಾಗಿಯೇ ಎಂದು ಕೇಳಿದರು. ಘಾಸಿಗೊಂಡ ಹೃದಯದ ಸ್ನಾಯುವಿನಿಂದ ಆ ಪ್ರೋಟೀನು ರಕ್ತಕ್ಕೆ ಸೇರಿ ಏರಲು ಹೊತ್ತು ಬೇಕು, ಆದ್ದರಿಂದ ಒಂದೇ ಅಂಕಿಗಿಂತ ಎರಡರ ನಡುವಿನ ಏರಿಕೆ ಮುಖ್ಯ ಎಂದು ವೈದ್ಯರು ತಿಳಿಸಿದಾಗ ಅವರು, "ಇದನ್ನು ಆವತ್ತೇ ಯಾರಾದರೂ ಹೇಳಿದ್ದರೆ ಅಷ್ಟು ಜಗಳವಾಡುತ್ತಿರಲಿಲ್ಲ" ಎಂದರು. ಕೇಳಿದ್ದಕ್ಕೆ ಅವರಿಗೂ ಕೃತಜ್ಞತೆಗಳು.

ಗುರುವಾರ ಕಲಬುರ್ಗಿಯ ಆ ಅಕ್ಕ ಫೋನು ಮಾಡಿದ್ದರು. ತಮ್ಮ ವಾರ್ಡಿನಲ್ಲಿ ಪ್ರತಿ ಟ್ಯೂಬಿನ ಮೇಲೂ ರಕ್ತ ತೆಗೆದ ಗಂಟೆ, ನಿಮಿಷ ಬರೆಯಲು ಶುರುಮಾಡಿದ್ದಾರಂತೆ, ಆದರೆ ಅಲ್ಲಿಯ ಗೋಡೆ ಗಡಿಯಾರ ತಿಂಗಳಿಂದ ನಿಂತಿದೆಯಂತೆ. ಸಮ್ಮೇಳನದ ಲೆಕ್ಕಪತ್ರದಲ್ಲಿ ಉಳಿದಿದ್ದ ಸಣ್ಣ ಮೊತ್ತದಲ್ಲಿ ನಿನ್ನೆ ಒಂದು ಗಡಿಯಾರ ಕೊಂಡಿದ್ದೇನೆ. ಸೋಮವಾರ ಬೆಳಗಿನ ಸರದಿಗೆ ಮುಂಚೆ ತಲುಪಿಸುತ್ತೇನೆ.