ಬಸುರಿಯ ತಾಯಿಯ ಹೆರಿಗೆಯ ವಿವರವೂ ತಾಯಿ ಕಾರ್ಡಿನಲ್ಲಿರಲಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನನ್ನ ಮಗಳಿಗೆ ಏಳನೇ ತಿಂಗಳ ಕುಬಸ ಮಾಡಿದೆವು. ಹಸಿರು ಬಳೆ ಇಡಿಸಿ, ಇಳಕಲ್ ಸೀರೆ, ಗುಳೇದಗುಡ್ಡದ ಖಣ ಕೊಟ್ಟು, ಉಡಿ ತುಂಬಿ, ಬಂದವರೆಲ್ಲ ಊಟ ಮಾಡಿಕೊಂಡು ಹೋದ ಮೇಲೆ ಆಕೆ ನನ್ನ ಮಗ್ಗುಲಲ್ಲಿ ಕುಳಿತು, ‘ಅವ್ವಾ, ನಾ ಆಪರೇಶನ್ನೇ ಮಾಡಿಸ್ಕೋತೀನಿ. ನಿನ್ನಂಗ ಎರಡು ದಿನ ಒದ್ದಾಡೂದು ನನ್ನ ಕೈಲೆ ಆಗೂದಿಲ್ಲ’ ಎಂದಳು. ಇದನ್ನು ಆಕೆಗೆ ವೈದ್ಯರು ಹೇಳಿರಲಿಲ್ಲ, ಅಳಿಯನೂ ಹೇಳಿರಲಿಲ್ಲ. ಹೇಳಿದವಳು ನಾನೇ, ಆಕೆ ಚಿಕ್ಕವಳಿದ್ದಾಗಿನಿಂದ.

1997ರಲ್ಲಿ ಆಕೆಯನ್ನು ಹಡೆದಾಗ ಹೆರಿಗೆ ಕೋಣೆಯ ಬಾಗಿಲಲ್ಲೇ ನನ್ನ ಅವ್ವನನ್ನು ತಡೆದು ಹೊರಗೆ ಕೂರಿಸಿದರು. ಬ್ಯಾನಿ ತಾಳಲಾರದೆ ಕೂಗಿದರೆ ಬೈದರು, ತೊಡೆಗೆ ಹೊಡೆದರು. ಮಂಚದ ಕಬ್ಬಿಣದ ಸರಳನ್ನು ಹಿಡಿದು ಜಗ್ಗುವಾಗ ಬಳೆ ಒಡೆದು ಮುಂಗೈ ಸೀಳಿದ ಕಲೆ ಇಂದಿಗೂ ಇದೆ. ಈ ಕಥೆಯನ್ನು ಎಷ್ಟೋ ಬಾಣಂತಿಯರ ಮಂಚದ ಬಳಿ ಕುಳಿತು ಹೇಳಿದ್ದೇನೆ. ಮಗಳು ಅಲ್ಲೇ ಆಡುತ್ತಾ ಕೇಳುತ್ತಿದ್ದಳು. ಆದರೆ ಒಂಬತ್ತನೇ ತಿಂಗಳಲ್ಲಿ ನನಗೆ ಬಿ.ಪಿ. ಏರಿ, ತಲೆ ಸಿಡಿದು, ಮುಖ ಬಾತಿದ್ದನ್ನು ಒಮ್ಮೆಯೂ ಹೇಳಿರಲಿಲ್ಲ. ಬೈಗುಳ ನೆನಪಿನಲ್ಲಿ ಉಳಿಯಿತು, ಬಿ.ಪಿ. ಮರೆತುಹೋಯಿತು.

ಕಳೆದ ವಾರ ತಪಾಸಣೆಗೆ ಆಕೆಯ ಜೊತೆ ಹೋದಾಗ ವೈದ್ಯೆಯೊಬ್ಬರು ನನ್ನ ಕಡೆ ತಿರುಗಿ, ‘ನಿಮ್ಮ ಹೆರಿಗಿ ಹೆಂಗ ಆಗಿತ್ತು?’ ಎಂದು ಕೇಳಿದರು. ಅದುವರೆಗೆ ಯಾರೂ ಕೇಳಿರಲಿಲ್ಲ. ತಾಯಿಗೆ ಬಸಿರಿನಲ್ಲಿ ರಕ್ತದೊತ್ತಡ ಏರಿ ತೊಂದರೆಯಾಗಿದ್ದರೆ ಮಗಳಿಗೂ ಆಗುವ ಸಂಭವ ಹೆಚ್ಚೆಂದೂ, ಇದು ಮೊದಲೇ ತಿಳಿದಿದ್ದರೆ ಆರಂಭದ ತಿಂಗಳುಗಳಿಂದಲೇ ನಿಗಾ ಇಡಬಹುದಿತ್ತೆಂದೂ ಅವರು ವಿವರಿಸಿದರು. ನೋವೆಲ್ಲ ನಡುಬೆನ್ನಿನಲ್ಲೇ ಇತ್ತೆಂದು ಕೇಳಿ, ಕೂಸಿನ ಬೆನ್ನು ನನ್ನ ಬೆನ್ನಿನ ಕಡೆಗಿದ್ದುದರಿಂದ ಹೆರಿಗೆ ತಡವಾಗಿರಬೇಕು, ಮಗಳ ಕೂಸೂ ಹಾಗೆಯೇ ನಿಲ್ಲುತ್ತದೆಂದು ಈಗಲೇ ಎಣಿಸಬೇಕಿಲ್ಲ ಎಂದರು. ಹೆದರಬೇಕಿಲ್ಲದ್ದಕ್ಕೆ ಮಗಳು ಹೆದರಿದ್ದಳು, ಎಚ್ಚರ ವಹಿಸಬೇಕಾದದ್ದು ಆಕೆಗೆ ಗೊತ್ತೇ ಇರಲಿಲ್ಲ.

‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎನ್ನುತ್ತಾರೆ. ಆದರೆ ನಮ್ಮೂರಿನ ನೇಕಾರರು ಒಡಲಿನ ಹಾಸು (ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ ಮಾಡಿ, ಎಳೆ ಎಳೆಗೂ ಕೊಂಡಿ ಹಾಕಿ ಕೂಡಿಸುತ್ತಾರೆ. ಯಾವುದು ಎಲ್ಲಿ ಮುಗಿಯಿತು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ನಾವು ತಾಯಂದಿರಿಗೆ ಅದು ಗೊತ್ತಾಗುವುದಿಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಸಿಸೇರಿಯನ್ ಹೆರಿಗೆಗಳ ಪ್ರಮಾಣ 2015-16ರಲ್ಲಿ ಶೇ 23.6 ಇದ್ದದ್ದು 2019-21ರಲ್ಲಿ ಶೇ 31.5ಕ್ಕೆ ಏರಿದೆ. ಜೀವ ಉಳಿಸುವ ಆ ಶಸ್ತ್ರಚಿಕಿತ್ಸೆಯನ್ನು ನಾನು ತೆಗಳುತ್ತಿಲ್ಲ. ನನ್ನ ಮಗಳಿಗೂ ಬೇಕಾದರೆ ಆಗಲಿ, ಆದರೆ 1997ರ ನನ್ನ ಭಯ ಅದಕ್ಕೆ ಕಾರಣವಾಗುವುದು ಬೇಡ. ಆದ್ದರಿಂದ ಆರೋಗ್ಯ ಇಲಾಖೆಯಲ್ಲಿ ನನ್ನ ವಿನಂತಿ: ಮೊದಲ ತಪಾಸಣೆಯಲ್ಲೇ ಬಸುರಿಯ ತಾಯಿಯ ಹೆರಿಗೆಯ ವಿವರವನ್ನು ಕೇಳಿ ತಾಯಿ ಕಾರ್ಡಿನಲ್ಲಿ ಬರೆಯುವಂತಾಗಲಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗುವ ನಮ್ಮ ಕಡೆ ತಾಯಂದಿರು ಹೇಗೂ ಜೊತೆಗೇ ಬರುತ್ತಾರೆ; ಮನೆಗೆ ಬರುವ ಆಶಾ ಕಾರ್ಯಕರ್ತೆಯರೂ ಇದನ್ನು ಕೇಳಬಹುದು.

ಹೆರಿಗೆಯ ವೇಳೆ ಹೆಣ್ಣುಮಗಳ ಬಳಿ ಆಕೆ ಬಯಸಿದ ಒಬ್ಬರು ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೀಗೆ ಒಬ್ಬರನ್ನು ಒಳಗೆ ಬಿಡಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಒಪ್ಪಿದೆ. ಹಾಗಿದ್ದರೂ ಹೆಚ್ಚಿನ ಮನೆಯವರಿಗೆ ಇದು ಗೊತ್ತಿಲ್ಲ, ಕೇಳಲು ಧೈರ್ಯವೂ ಇಲ್ಲ. ಮಗಳು ಈಗ ಆಪರೇಶನ್ ಮಾತು ಬಿಟ್ಟಿದ್ದಾಳೆ, ಬಿ.ಪಿ. ನೋಡಿಸಿಕೊಳ್ಳುತ್ತಿದ್ದಾಳೆ, ನಿತ್ಯ ಕೇಳುವುದು ‘ನೀ ಒಳಗ ಬರ್ತೀಯಲ್ಲ?’ ಎಂಬುದೊಂದನ್ನೇ. ಯಾರು ಒಳಗೆ ಬರಬಹುದು ಎಂಬುದನ್ನು ದೊಡ್ಡ ಅಕ್ಷರದಲ್ಲಿ ಬರೆದು ಪ್ರತಿ ಹೆರಿಗೆ ಕೋಣೆಯ ಬಾಗಿಲಿಗೆ ಹಚ್ಚಬೇಕೆಂದು ಕೇಳಿಕೊಳ್ಳುತ್ತೇನೆ.

ಒಬ್ಬ ತಾಯಿ,
ಇಳಕಲ್, ಬಾಗಲಕೋಟೆ ಜಿಲ್ಲೆ